ಮಣ್ಣಿನ ಏರಿ ಸೋರ್ತಿದ್ಯಾ, ಬಿರುಕು ಬಿಟ್ಟಿದ್ಯಾ? ಸಣ್ಣ ಸ್ವಂತ ಡ್ಯಾಮ್ ಇರೋರು ಏನೇನು ನೋಡ್ಬೇಕು, ಯಾವಾಗ ಇಂಜಿನಿಯರ್‌ನ ಕರೀಬೇಕು

ಸ್ವಂತ ಜಮೀನಲ್ಲಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿರೋರು, ಇಲ್ಲಾ ಜಮೀನು ತಗೊಂಡಾಗ ಅದರ ಜೊತೆ ಹಳೇ ಕಟ್ಟೆನೂ ಪಾಲಿಗೆ ಬಂದಿರೋರು ಮೊದ್ಲು ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಏರಿ ಬುಡದಲ್ಲಿ ನೀರು ಕಾಣ್ತಿದೆ, ಹೆದರಬೇಕಾ ಬೇಡ್ವಾ? ಮಣ್ಣಿನ ಏರಿ ಅಂದ್ಮೇಲೆ ಅಷ್ಟೋ ಇಷ್ಟೋ ಒಸರೇ ಒಸರುತ್ತೆ, ಚೆನ್ನಾಗಿ ಕಟ್ಟಿದ್ದೂ ಒಸರುತ್ತೆ. ನೀವು ನೋಡ್ಬೇಕಾಗಿರೋದು ಎರಡು ವಿಷಯ. ನೀರಿನ ಜೊತೆ ಮಣ್ಣು ಬರ್ತಿದ್ಯಾ, ಮತ್ತೆ ಹೋದ ಸಲ ನೋಡಿದ್ದಕ್ಕೂ ಈಗಿಂದಕ್ಕೂ ಏನಾದ್ರೂ ಬದಲಾಗಿದ್ಯಾ. ಈ ಎರಡಕ್ಕೆ ಉತ್ತರ ಗೊತ್ತಿದ್ರೆ ಅರ್ಧ ದಾರಿ ಮುಗೀತು.

ಕೆಳಗೆ ಬರೋ ಪದಗಳು: ಏರಿ ತಲೆ ಅಂದ್ರೆ ಮೇಲೆ ನಡೆದಾಡೋ ಜಾಗ, ಒಳಮೈ ಅಂದ್ರೆ ನೀರಿನ ಕಡೆ ಇಳಿಜಾರು, ಹೊರಮೈ ಅಂದ್ರೆ ಆಚೆ ಕಡೆ ಇಳಿಜಾರು, ಬುಡ ಅಂದ್ರೆ ಹೊರಮೈ ನೆಲಕ್ಕೆ ಸೇರೋ ಕಡೆ, ಕೋಡಿ ಅಂದ್ರೆ ಜಾಸ್ತಿಯಾದ ನೀರು ಹೋಗೋ ದಾರಿ, ತೂಬು ಅಂದ್ರೆ ಏರಿ ಒಳಗಿಂದ ನೀರು ಬಿಡೋ ಪೈಪು ಅಥವಾ ಗೇಟು.

ಇವು ಕಂಡ್ರೆ ಚೆಕ್ ಮಾಡ್ತಾ ನಿಲ್ಲಬೇಡಿ

ಬುಡದಲ್ಲಿ ಕೆಸರು ನೀರು ರಭಸವಾಗಿ ಬರ್ತಿದೆ, ನೀರಿನ ಮೇಲೆ ಸುಳಿ ಕಾಣ್ತಿದೆ, ಏರಿ ತಲೆ ಮೇಲೆ ದಿಢೀರ್ ಅಂತ ಗುಂಡಿ ಬಿದ್ದಿದೆ, ನೀರು ಏರಿ ಹತ್ತಿ ಹೊರಮೈ ಮೇಲೆ ಹರಿಯೋಕೆ ಶುರುವಾಗಿದೆ, ಇಳಿಜಾರು ನಿಮ್ಮ ಕಣ್ಣೆದುರೇ ಜಾರ್ತಿದೆ. ಇದ್ರಲ್ಲಿ ಯಾವ್ದೇ ಒಂದು ಇದ್ರೂ ಮೊದ್ಲು ಕೆಳಗಡೆ ಇರೋ ಮನೆಯೋರಿಗೆ ಫೋನ್ ಮಾಡಿ ಎತ್ತರದ ಜಾಗಕ್ಕೆ ಹೋಗೋಕೆ ಹೇಳಿ, ಆಮೇಲೆ ತುರ್ತು ಸೇವೆಗೆ, ಆಮೇಲೆ ಇಂಜಿನಿಯರ್‌ಗೆ. ಇದೇ ಕ್ರಮದಲ್ಲಿ. ಏರಿ ಉಳಿಸೋದು ಆಮೇಲಿನ ಮಾತು.

ಎಷ್ಟು ಟೈಮ್ ಇರುತ್ತೆ ಅಂತ ಕೇಳ್ತಾರೆ. ಅಮೆರಿಕದ ಐಡಾಹೋದಲ್ಲಿ ಟೀಟನ್ ಡ್ಯಾಮ್ ಅಂತ 93 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಇತ್ತು, ಮೊದಲನೇ ಸಲ ತುಂಬಿಸ್ತಿದ್ರು. 1976ರ ಜೂನ್ 5ರ ಬೆಳಿಗ್ಗೆ ಸುಮಾರು 7 ಗಂಟೆ ಹೊತ್ತಿಗೆ ಕೆಸರು ಸೋರಿಕೆ ಕಣ್ಣಿಗೆ ಬಿತ್ತು, ಮಧ್ಯಾಹ್ನ 12 ಆಗೋ ಅಷ್ಟ್ರಲ್ಲಿ ಡ್ಯಾಮೇ ಒಡೆದು ಹೋಯ್ತು, 11 ಜನ ಸತ್ರು. ತೂತು ಮುಚ್ಚೋಕೆ ಮಣ್ಣು ತಳ್ತಿದ್ದ ಎರಡು ಬುಲ್‌ಡೋಜರ್‌ಗಳೇ ಆ ತೂತಿಗೆ ಬಿದ್ದು ಹೋದ್ವು, ಡ್ರೈವರ್‌ಗಳು ಹೇಗೋ ಬದುಕಿಕೊಂಡ್ರು. ಅಷ್ಟು ದೊಡ್ಡದಕ್ಕೇ ಐದು ತಾಸು ಅಂದ್ರೆ ನಿಮ್ಮ ಸಣ್ಣ ಏರಿಗೆ ಅದಕ್ಕಿಂತ ಜಾಸ್ತಿ ಸಿಗುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ಅದಕ್ಕೇ ಕೆಳಗಿನ ಮನೆಗಳ ಫೋನ್ ನಂಬರ್ ಇವತ್ತೇ ಒಂದು ಹಾಳೇಲಿ ಬರೆದು ಗೋಡೆಗೆ ಅಂಟಿಸಿ.

ದುಡ್ಡು ಖರ್ಚಿಲ್ಲದ ಮೊದಲ ಕೆಲಸ: ನಡೆದು ನೋಡಿ ಬರೆದಿಡೋದು

ಹುಲ್ಲು ಕತ್ತರಿಸಿದ್ಮೇಲೆ ಏರಿ ಮೇಲೆ ನಾಲ್ಕು ಸಾಲು ನಡೀಬೇಕು: ತಲೆ ಮೇಲೆ ಒಂದು, ಒಳಮೈಲಿ ನೀರಿನ ಅಂಚಿಗೆ ಒಂದು, ಹೊರಮೈ ಮಧ್ಯದಲ್ಲಿ ಒಂದು, ಬುಡದಲ್ಲಿ ಒಂದು. ಬುಡದಿಂದ ಇನ್ನೊಂದು ಹತ್ತಿಪ್ಪತ್ತು ಮೀಟರ್ ಆಚೆಗೂ ಕಣ್ಣು ಹಾಯಿಸಿ, ಯಾಕಂದ್ರೆ ಏರಿ ಅಡಿಯಿಂದ ನುಸುಳಿದ ನೀರು ಎಷ್ಟೋ ಸಲ ದೂರ ಹೋಗಿ ಮೇಲೇಳುತ್ತೆ. ಏರಿ ಎರಡೂ ತುದಿ ಗುಡ್ಡಕ್ಕೆ ಸೇರೋ ಮೂಲೆ ಇದ್ಯಲ್ಲ, ಅಲ್ಲೂ ನೋಡಿ. ಆ ಮೂಲೆನ ಜನ ಮರೀತಾರೆ, ಸೋರಿಕೆ ಮಾತ್ರ ಅಲ್ಲೇ ಜಾಸ್ತಿ.

ಪ್ರತಿ ಸಲ ಅದೇ ಜಾಗದಲ್ಲಿ ನಿಂತು ಅದೇ ಕಡೆಗೆ ಫೋಟೋ ತೆಗೀರಿ, ಜೊತೆಗೆ ಆ ದಿನದ ನೀರಿನ ಮಟ್ಟ, ಮಳೆ ಬಂದಿತ್ತಾ ಇಲ್ವಾ ಅನ್ನೋದನ್ನೂ ಬರೀರಿ. ನೀರಿನ ಮಟ್ಟ ಬರೀದೇ ಬರೀ ಸೋರಿಕೆ ಬರೆದ್ರೆ ಉಪಯೋಗಕ್ಕೆ ಬರಲ್ಲ, ನೀರು ಏರಿದಾಗ ಸೋರಿಕೆ ಸ್ವಲ್ಪ ಏರೋದು ಸಹಜ, ನೀರು ಅಷ್ಟೇ ಇದ್ದು ಸೋರಿಕೆ ಮಾತ್ರ ಏರ್ತಿದ್ರೆ ಅದು ಸಹಜ ಅಲ್ಲ, ಒಳಗೆ ಏನೋ ತೆರ್ಕೊಳ್ತಿದೆ ಅಂತ ಅರ್ಥ. ತಿಂಗಳಿಗೊಮ್ಮೆ ಸಾಕು, ಆದ್ರೆ ಜೋರು ಮಳೆ ಆದ್ಮೇಲೆ, ಭೂಕಂಪ ಆದ್ಮೇಲೆ, ಡ್ಯಾಮ್ ಪೂರ್ತಿ ತುಂಬಿದಾಗ ತಪ್ಪದೇ ನೋಡ್ಬೇಕು. ಒಬ್ಬರೇ ಹೋಗ್ಬೇಡಿ, ಅದರಲ್ಲೂ ಒಳಮೈಲಿ ಜಾರೋ ಕಲ್ಲಿನ ಮೇಲೆ.

ಬುಡದಲ್ಲಿ ಒಂದು ಕಡೆ ಮಾತ್ರ ಹಸಿರು, ನೆಲ ಮೆತ್ತಗೆ

ಸುತ್ತ ಹುಲ್ಲು ಒಣಗಿರುತ್ತೆ, ಒಂದು ಪಟ್ಟೆ ಮಾತ್ರ ದಟ್ಟ ಹಸಿರಾಗಿ ಜೊಂಡು ಬೆಳೆದಿರುತ್ತೆ. ಕಾಲಿಟ್ರೆ ನೆಲ ಕುಸಿಯೋ ಹಾಗಿರುತ್ತೆ. ಮಳೆ ನೀರು ನಿಂತಿರೋದೂ ಇರಬಹುದು, ಅದಕ್ಕೆ ಒಂದು ವಾರ ಮಳೆ ಇಲ್ಲದಾಗ ಮತ್ತೆ ನೋಡಿ. ಆಗಲೂ ಹಸಿ ಇದ್ರೆ ಒಸರು ಅಂತ ಲೆಕ್ಕ. ಹಸಿ ಜಾಗದ ಅಂಚಿಗೆ ಗೂಟ ಹೊಡೆದು ಬನ್ನಿ, ಮುಂದಿನ ಸಲ ಹಸಿ ಗೂಟ ದಾಟಿದ್ಯಾ ನೋಡಿ. ದಾಟದೇ ಅಲ್ಲೇ ಇದ್ರೆ ನೋಡ್ಕೊಂಡಿರಬಹುದು. ಹಸಿ ಬುಡದಿಂದ ಮೇಲೆ ಹತ್ತಿ ಹೊರಮೈ ಮಧ್ಯಕ್ಕೆ ಬಂದಿದ್ರೆ ಮಾತ್ರ ಇಂಜಿನಿಯರ್ ಬರಲೇಬೇಕು, ಏರಿ ಒಳಗಿನ ನೀರಿನ ಗೆರೆ ಮೇಲೆ ಬಂದಿದೆ ಅಂತ ಅದು ಹೇಳ್ತಿದೆ, ಮಣ್ಣು ನೆನೆದಷ್ಟೂ ಅದರ ಹಿಡಿತ ಕಮ್ಮಿಯಾಗಿ ಇಳಿಜಾರು ಜಾರೋ ಸಾಧ್ಯತೆ ಜಾಸ್ತಿ.

ನೀರು ಹರಿದು ಬರ್ತಿದೆ, ಆದ್ರೆ ತಿಳಿಯಾಗಿದೆ

ಸಣ್ಣ ಕಾಲುವೆ ತೋಡಿ ಎಲ್ಲಾ ನೀರು ಒಂದು ಪೈಪಿನ ತುಂಡಿಂದ ಬೀಳೋ ಹಾಗೆ ಮಾಡಿ. ಕಾಲುವೆ ಬುಡದಿಂದ ಆಚೆಗೆ ಇರಲಿ, ಏರಿ ಮೈನ ಮಾತ್ರ ಅಗೀಬೇಡಿ. ಹತ್ತು ಲೀಟರ್ ಬಕೆಟ್ ಇಟ್ಟು ತುಂಬೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡಿ. 50 ಸೆಕೆಂಡ್ ಆದ್ರೆ ನಿಮಿಷಕ್ಕೆ 12 ಲೀಟರ್. ಈ ಒಂದು ನಂಬರ್ ಇದ್ರೆ ಇಂಜಿನಿಯರ್ ಬಂದಾಗ ಅವರಿಗೆ ಅರ್ಧ ಕೆಲಸ ಉಳಿಯುತ್ತೆ, "ಮೊದ್ಲಿಗಿಂತ ಜಾಸ್ತಿ ಅನ್ಸುತ್ತೆ" ಅನ್ನೋ ಮಾತಿಂದ ಅವರಿಗೆ ಏನೂ ಸಿಗಲ್ಲ.

ತಿಳಿನೀರು ಅಂತ ಕಣ್ಣಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ. ಬಿಳಿ ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯೆಲ್ಲಾ ಅಲುಗಾಡಿಸದೇ ಇಡಿ. ಬೆಳಿಗ್ಗೆ ತಳದಲ್ಲಿ ನುಣುಪು ಮಣ್ಣಿನ ಪದರ ಕೂತಿದ್ರೆ ಏರಿ ಒಳಗಿಂದ ಮಣ್ಣು ಸ್ವಲ್ಪ ಸ್ವಲ್ಪ ಹೊರಗೆ ಹೋಗ್ತಿದೆ ಅಂತ. ಬಾಟಲಿಗೆ ತಾರೀಕು ಬರೆದು ಎತ್ತಿಡಿ, ಮುಂದಿನ ತಿಂಗಳ ಬಾಟಲಿ ಪಕ್ಕ ಇಟ್ಟು ನೋಡಿದ್ರೆ ಫರಕು ಕಣ್ಣಿಗೇ ಕಾಣುತ್ತೆ.

ನೀರು ತುಕ್ಕು ಬಣ್ಣದಲ್ಲಿ ಬರ್ತಿದೆ, ಮೇಲೆ ಎಣ್ಣೆ ಥರ ಪದರ

ಇದು ಕಂಡ ತಕ್ಷಣ ಗಾಬರಿ ಬೀಳೋರು ತುಂಬಾ ಜನ, ಬಹಳಷ್ಟು ಸಲ ಇದು ಕಬ್ಬಿಣದ ಅಂಶ ತಿನ್ನೋ ಬ್ಯಾಕ್ಟೀರಿಯಾ ಮಾಡೋ ಕೆಲಸ, ಮಣ್ಣು ಕೊಚ್ಚಿ ಬರ್ತಿರೋದಲ್ಲ. ಕಂಡುಹಿಡಿಯೋದು ಸುಲಭ. ಆ ಕಿತ್ತಳೆ ಬಣ್ಣದ್ದನ್ನ ಬೆರಳಲ್ಲಿ ತಗೊಂಡು ಉಜ್ಜಿ, ಲೋಳೆ ಥರ ಜಾರುತ್ತೆ, ಹಿಸುಕಿದ್ರೆ ಕರಗಿದ ಹಾಗೆ ಆಗುತ್ತೆ, ಒಂದು ಕಣ ಮರಳೂ ಸಿಗಲ್ಲ. ಮಣ್ಣಾದ್ರೆ ಬೆರಳ ನಡುವೆ ಕರಕರ ಅನ್ನುತ್ತೆ, ಜೇಡಿಯಾದ್ರೆ ಅಂಟುತ್ತೆ. ಮೇಲಿನ ಎಣ್ಣೆ ಪದರಕ್ಕೆ ಕಡ್ಡಿ ಚುಚ್ಚಿ ನೋಡಿ, ಬ್ಯಾಕ್ಟೀರಿಯಾ ಪದರ ಗಾಜಿನ ಚೂರಿನ ಥರ ಒಡೆದು ತುಂಡು ತುಂಡಾಗಿ ಹಾಗೇ ನಿಲ್ಲುತ್ತೆ, ನಿಜವಾದ ಎಣ್ಣೆ ಆಗಿದ್ರೆ ಮತ್ತೆ ಸೇರ್ಕೊಳ್ಳುತ್ತೆ.

ಹಾಗಂತ ಪೂರ್ತಿ ಬಿಟ್ಟುಬಿಡೋ ಹಾಗಿಲ್ಲ. ಅಲ್ಲಿ ಒಸರು ಇದೆ ಅನ್ನೋದು ನಿಜ, ಮತ್ತೆ ಈ ಲೋಳೆ ಬುಡದಲ್ಲಿ ಇಟ್ಟಿರೋ ಡ್ರೈನ್ ಪೈಪಿನ ತೂತುಗಳನ್ನ ಮುಚ್ಚಿಬಿಡುತ್ತೆ, ಆಗ ಹೊರಗೆ ಹೋಗ್ಬೇಕಾದ ನೀರು ಏರಿ ಒಳಗೇ ಉಳಿಯುತ್ತೆ. ಡ್ರೈನ್‌ಯಿಂದ ಬರ್ತಿದ್ದ ನೀರು ಕಾರಣ ಇಲ್ಲದೇ ನಿಂತುಹೋದ್ರೆ ಖುಷಿ ಪಡ್ಬೇಡಿ, ಪೈಪು ಕಟ್ಟಿಕೊಂಡಿರಬಹುದು.

ಕೆಸರು ನೀರು, ಅಥವಾ ನೆಲದಲ್ಲಿ ಮರಳು ಬುಗ್ಗೆ

ಇಲ್ಲಿಂದ ಮುಂದೆ ನಿಮ್ಮ ಕೈಲಿ ಮಾಡೋ ಕೆಲಸ ಕಮ್ಮಿ. ನೀರಿನ ಜೊತೆ ಮಣ್ಣು ಹೊರಗೆ ಬಂದ್ರೆ ಆ ಮಣ್ಣು ಇದ್ದ ಜಾಗ ಖಾಲಿ ಆಗುತ್ತೆ, ಖಾಲಿ ಆದ ಕಡೆ ನೀರು ಇನ್ನೂ ಜೋರಾಗಿ ಬರುತ್ತೆ, ಇನ್ನೂ ಮಣ್ಣು ತರುತ್ತೆ, ಹೀಗೆ ಸುರಂಗ ಬುಡದಿಂದ ಶುರುವಾಗಿ ಹಿಂದಕ್ಕೆ ಹಿಂದಕ್ಕೆ ಕೊರೀತಾ ಡ್ಯಾಮ್ ನೀರಿಗೆ ಮುಟ್ಟುತ್ತೆ. ಇಂಜಿನಿಯರ್‌ಗಳು ಇದಕ್ಕೆ ಪೈಪಿಂಗ್ ಅಂತಾರೆ. ಮುಟ್ಟೋವರೆಗೂ ಹೊರಗಿಂದ ನೋಡೋಕೆ ಏನೂ ದೊಡ್ಡದಾಗಿ ಕಾಣಲ್ಲ. ಸಣ್ಣ ಗುಂಡಿಯಲ್ಲಿ ಮರಳು ಕುದೀತಿರೋ ಹಾಗೆ ಎದ್ದು ಸುತ್ತ ಉಂಗುರದ ಥರ ಕೂತಿರುತ್ತೆ ನೋಡಿ, ಅದು ಇದರ ಆರಂಭ.

ಜನ ಮೊದ್ಲು ಮಾಡೋ ಕೆಲಸ ಏನಂದ್ರೆ ಜೇಡಿಮಣ್ಣೋ ಸಿಮೆಂಟೋ ಪ್ಲಾಸ್ಟಿಕ್ ಶೀಟೋ ತಂದು ನೀರು ಬರೋ ಬಾಯಿಗೆ ತುರುಕೋದು. ದಯವಿಟ್ಟು ಮಾಡ್ಬೇಡಿ. ಹೊರಗಡೆ ಬಾಯಿ ಮುಚ್ಚಿದ್ರೆ ಹಿಂದಿನ ಒತ್ತಡ ಹಾಗೇ ಇರುತ್ತೆ, ಪ್ರತಿ ಮೀಟರ್ ಆಳದ ನೀರಿಗೆ ಚದರ ಮೀಟರ್ ಮೇಲೆ ಒಂದು ಟನ್ ಒತ್ತಡ, ಐದು ಮೀಟರ್ ನೀರು ನಿಂತಿದ್ರೆ ತಳದಲ್ಲಿ ಐದು ಟನ್. ಅದು ಪಕ್ಕದಲ್ಲಿ ಇನ್ನೊಂದು ದಾರಿ ಮಾಡ್ಕೊಳ್ಳುತ್ತೆ, ಇಲ್ಲಾ ಹೊರಮೈನೇ ಎತ್ತಿ ಹಾಕುತ್ತೆ. ನೀರು ಬರಲಿ, ಮಣ್ಣು ಮಾತ್ರ ಬರಬಾರದು, ಕೆಲಸ ಇರೋದು ಅಷ್ಟೇ. ಅದಕ್ಕೆ ಮೊದ್ಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಈ ಕ್ರಮದಲ್ಲಿ ಪದರ ಪದರವಾಗಿ ಹಾಕ್ತಾರೆ, ಕಾಫಿ ಫಿಲ್ಟರ್ ಮಾಡೋ ಕೆಲಸನೇ ಅದು ಮಾಡುತ್ತೆ. ಬುಗ್ಗೆ ಆಗಿದ್ರೆ ಸುತ್ತ ಮರಳು ಮೂಟೆ ಬಾವಿಕಟ್ಟೆ ಥರ ಪೇರಿಸ್ತಾರೆ, ಒಳಗೆ ನೀರು ನಿಂತು ಒತ್ತಡ ಸ್ವಲ್ಪ ಸಮ ಆಗಿ ಮರಳು ಬರೋದು ನಿಂತ್ರೆ ಸಾಕು, ನೀರು ಪೂರ್ತಿ ನಿಲ್ಲಿಸೋಕೆ ಇನ್ನೂ ಎತ್ತರ ಪೇರಿಸ್ತಾ ಹೋಗ್ಬೇಡಿ. ಇದೆಲ್ಲಾ ಇಂಜಿನಿಯರ್ ಬರೋವರೆಗೆ ಟೈಮ್ ಗಳಿಸೋಕೆ, ರಿಪೇರಿ ಅಲ್ಲ. ಅದೂ ಸೋರಿಕೆ ಸಣ್ಣದಿದ್ದು ಬೆಳಕಿದ್ದಾಗ ಮಾತ್ರ, ದೂರದಲ್ಲಿ ನಿಂತು ನೋಡೋಕೆ ಇನ್ನೊಬ್ರು ಇರಲೇಬೇಕು. ನೀರು ರಭಸವಾಗಿದ್ರೆ ಹತ್ತಿರನೇ ಹೋಗ್ಬೇಡಿ.

ಏರಿ ತಲೆ ಮೇಲೆ ಬಿರುಕು

ಎಲ್ಲಾ ಬಿರುಕೂ ಒಂದೇ ಅಲ್ಲ. ಬೇಸಿಗೆಯಲ್ಲಿ ಜೇಡಿಮಣ್ಣು ಒಣಗಿ ಜೇನುಗೂಡಿನ ಥರ ಅಡ್ಡಾದಿಡ್ಡಿ ಬಿರಿದಿದ್ರೆ ಅದು ಸಾಮಾನ್ಯವಾಗಿ ಮೇಲ್ಮಟ್ಟದ್ದು, ತೆಳು ತಂತಿ ಇಳಿಬಿಟ್ಟು ಆಳ ನೋಡಿ, ಗೇಣಿನಷ್ಟೇ ಇದ್ರೆ ಮಣ್ಣು ತುಂಬಿ ದಮ್ಮಸ್ಸು ಮಾಡಿ ನೀರು ಇಳಿಯದ ಹಾಗೆ ಮುಚ್ಚಿ.

ಏರಿ ಉದ್ದಕ್ಕೆ ಹೋಗೋ ಬಿರುಕು ಬೇರೆ. ಅದರ ಎರಡು ತುದಿ ಕೆಳಗಡೆಗೆ ಬಾಗಿ ಬಿಲ್ಲಿನ ಆಕಾರ ಬಂದಿದ್ಯಾ, ಒಂದು ಅಂಚು ಇನ್ನೊಂದಕ್ಕಿಂತ ತಗ್ಗಿದ್ಯಾ, ಕೆಳಗೆ ಇಳಿಜಾರಲ್ಲಿ ಹೊಟ್ಟೆ ಉಬ್ಬಿದ ಹಾಗಿದ್ಯಾ ನೋಡಿ. ಇದ್ರೆ ಇಳಿಜಾರಿನ ಒಂದು ತುಂಡೇ ಜಾರೋಕೆ ಶುರು ಮಾಡಿದೆ.

ಅಡ್ಡ ಬಿರುಕು, ಅಂದ್ರೆ ಒಳಮೈ ಕಡೆಯಿಂದ ಹೊರಮೈ ಕಡೆಗೆ ಏರಿನ ಕತ್ತರಿಸೋ ಬಿರುಕು, ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು, ನೋಡೋಕೆ ಎಷ್ಟೇ ಸಣ್ಣದಿರಲಿ. ಏರಿ ಒಂದು ಭಾಗ ಇನ್ನೊಂದಕ್ಕಿಂತ ಜಾಸ್ತಿ ಕುಸಿದಾಗ ಇದು ಬರುತ್ತೆ, ಗುಡ್ಡಕ್ಕೆ ಸೇರೋ ಕಡೆ ಜಾಸ್ತಿ, ಮತ್ತೆ ನೀರಿನ ಮಟ್ಟ ಅಲ್ಲಿಗೆ ಏರಿದ ದಿನ ನೀರಿಗೆ ರೆಡಿಮೇಡ್ ದಾರಿ. ಮಟ್ಟನ ಬಿರುಕಿನ ತಳಕ್ಕಿಂತ ಕೆಳಗೆ ಇಟ್ಕೊಂಡು ಇಂಜಿನಿಯರ್‌ನ ಕರೆಸಿ. ಅವರು ನೋಡೋ ಮುಂಚೆ ತುಂಬಿ ಮುಚ್ಚಿಬಿಡಬೇಡಿ, ಎಲ್ಲಿಂದ ಎಲ್ಲಿವರೆಗೆ ಅಂತ ಗೊತ್ತಾಗದೇ ಹೋಗುತ್ತೆ. ಮಳೆ ನೀರು ಇಳಿಯದ ಹಾಗೆ ಟಾರ್ಪಾಲ್ ಹೊದಿಸಿ, ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ತಲೆಗೆ ಮೊಳೆ ಬಡಿದು ದಿನಾ ಟೇಪ್ ಹಿಡಿದು ಮೊಳೆಯಿಂದ ಮೊಳೆಗೆ ಅಳೀರಿ.

ಏರಿ ತಲೆ ಒಂದು ಕಡೆ ತಗ್ಗಾಗಿದೆ

ಗಾಡಿ ಓಡಾಡಿ ಸವೆದಿರಬಹುದು, ಒಳಗೆ ಟೊಳ್ಳಾಗಿ ಕುಸಿದಿರಲೂಬಹುದು. ಮೇಸ್ತ್ರಿಗಳು ಬಳಸೋ ಟ್ಯೂಬ್ ಲೆವೆಲ್ ತಂದು ಐದೈದು ಮೀಟರ್‌ಗೆ ಮಟ್ಟ ಹಿಡೀರಿ. ಸವೆದಿರೋದಾದ್ರೆ ಗಾಲಿ ಜಾಡಿನ ಉದ್ದಕ್ಕೂ ಇರುತ್ತೆ, ದುಂಡಗೆ ಬಟ್ಟಲಿನ ಥರ ತಗ್ಗಾಗಿ ಅಂಚು ಕಡಿದಾಗಿದ್ರೆ ಒಳಗಿನ ಮಣ್ಣು ಎಲ್ಲಿಗೋ ಹೋಗಿದೆ, ಅದರ ಮೇಲೆ ಕಾಲಿಡಬೇಡಿ. ತಗ್ಗು ತೂಬಿನ ಪೈಪು ಹಾದುಹೋಗೋ ಗೆರೆ ಮೇಲೇ ಇದ್ಯಾ ಅನ್ನೋದು ಮುಖ್ಯ ಸುಳಿವು.

ಸವೆತ ಆದ್ರೂ ಸುಮ್ನೆ ಬಿಡೋ ಹಾಗಿಲ್ಲ, ತುಂಬಿದ ನೀರು ಏರಿ ಹತ್ತೋದು ಅತೀ ತಗ್ಗಿನ ಜಾಗದಲ್ಲೇ, ಅಲ್ಲೇ ಎಲ್ಲಾ ನೀರು ಸೇರಿ ಹೊರಮೈನ ಕೊರೆಯುತ್ತೆ.

ಕೋಡಿಯಲ್ಲಿ ಕಸ, ಗಿಡ, ಮೀನಿನ ಬಲೆ

ಮಣ್ಣಿನ ಏರಿಗಳು ಒಡೆಯೋ ದೊಡ್ಡ ಕಾರಣಗಳಲ್ಲಿ ಒಂದು ನೀರು ಮೇಲೆ ಹತ್ತಿ ಹರಿಯೋದು, ಅದಕ್ಕೆ ತಡೆ ಇರೋದು ಕೋಡಿ ಒಂದೇ. ಸರಿ ಮಾಡೋಕೆ ಮಚ್ಚು, ಗುದ್ದಲಿ, ಒಂದು ದಿನದ ಕೆಲಸ ಸಾಕು. ಆದ್ರೂ ಜನ ಇನ್ನೊಂದು ಅಡಿ ನೀರು ನಿಲ್ಲಲಿ ಅಂತ ಕೋಡಿಗೆ ಹಲಗೆ ಹಾಕ್ತಾರೆ, ಮೀನು ಹೋಗ್ದೇ ಇರಲಿ ಅಂತ ಜಾಲರಿ ಕಟ್ತಾರೆ.

ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಡ್ಯಾಮ್ ಖಾಸಗಿಯವರದ್ದೇ, ಮಣ್ಣಿನ ಏರಿ, ಮೀನು ಹಿಡಿಯೋ ಶ್ರೀಮಂತರ ಕ್ಲಬ್ ಒಂದರ ಸ್ವತ್ತು. ತೂಬಿನ ಪೈಪುಗಳನ್ನ ಹಿಂದಿನ ಮಾಲೀಕರು ಕಿತ್ತು ಮಾರಿದ್ರು, ಕ್ಲಬ್‌ನವರು ಹೊಸದು ಹಾಕಲಿಲ್ಲ, ಗಾಡಿ ಓಡಾಡೋಕೆ ಅಗಲ ಬೇಕು ಅಂತ ಏರಿ ತಲೆ ತಗ್ಗಿಸಿದ್ರು, ಕೋಡಿಗೆ ಮೀನಿನ ಜಾಲರಿ ಹಾಕಿದ್ರು. 1889ರ ಮೇ 31ರಂದು ಜೋರು ಮಳೆಗೆ ಜಾಲರಿಗೆ ಕಸ ಕಟ್ಟಿ ನೀರು ಏರಿ ಹತ್ತಿ ಒಡೀತು, ಕೆಳಗಿನ ಜಾನ್ಸ್‌ಟೌನ್ ಊರು ಕೊಚ್ಚಿಹೋಗಿ 2,209 ಜನ ಸತ್ರು. ಅವರು ಮಾಡಿದ ಒಂದೊಂದು ಕೆಲಸನೂ ಇವತ್ತಿಗೂ ಸಣ್ಣ ಡ್ಯಾಮ್‌ಗಳಲ್ಲಿ ನಡೀತಾನೇ ಇದೆ.

ಜಾಲರಿ, ಹಲಗೆ ತೆಗೆದುಬಿಡಿ. ಕೋಡಿ ನೀರು ಬೀಳೋ ಕಡೆ ನೆಲ ಕೊರೆದು ಗುಂಡಿ ಆಗಿದ್ರೆ, ಕೋಡಿ ಕಾಂಕ್ರೀಟ್ ಕೆಳಗೆ ಟೊಳ್ಳಾಗಿ ಸುತ್ತಿಗೆ ಬಡಿದ್ರೆ ಡಬ್ ಡಬ್ ಅಂದ್ರೆ ಮಳೆಗಾಲಕ್ಕೆ ಮುಂಚೆ ತೋರಿಸಿ. ನೀರು ಜೋರಾಗಿ ಹರೀತಿರುವಾಗ ಕಸ ತೆಗೆಯೋಕೆ ಕೋಡಿಗೆ ಇಳೀಬೇಡಿ, ದಡದಿಂದ ಉದ್ದ ಕೊಕ್ಕೆ ಹಾಕಿ ಎಳೀರಿ, ಆಗದಿದ್ರೆ ಬಿಟ್ಟುಬಿಡಿ.

ಬಿಲ, ಹುತ್ತ, ಮರ

ಹೆಗ್ಗಣ, ಏಡಿ, ಮುಳ್ಳುಹಂದಿ, ಗೆದ್ದಲು ಎಲ್ಲಾನೂ ಏರಿ ಒಳಗೆ ದಾರಿ ಮಾಡ್ತವೆ. ಒಳಮೈಲಿ ನೀರಿನ ಅಂಚಿಗೆ ಒಂದು ಬಿಲ, ಹೊರಮೈಲಿ ಅದೇ ಎತ್ತರಕ್ಕೆ ಇನ್ನೊಂದು ಬಿಲ ಇದ್ರೆ ಎರಡೂ ಸೇರೋಕೆ ಜಾಸ್ತಿ ದಿನ ಬೇಡ. ಬಾಯಿಗೆ ಮಾತ್ರ ಮಣ್ಣು ತುಂಬಿದ್ರೆ ಪ್ರಯೋಜನ ಇಲ್ಲ, ಸಣ್ಣ ಬಿಲನ ಕೊನೆವರೆಗೂ ಅಗೆದು ಪದರ ಪದರವಾಗಿ ದಮ್ಮಸ್ಸು ಮಾಡ್ಬೇಕು, ಕೈ ಹಾಕೋ ಮುಂಚೆ ಹಾವು ನೋಡ್ಕೊಳ್ಳಿ. ಬಿಲ ಆಳಕ್ಕೆ ಹೋಗಿದ್ರೆ, ನೀರಿನ ಮಟ್ಟಕ್ಕಿಂತ ಕೆಳಗಿದ್ರೆ ನೀವೇ ಅಗೀಬೇಡಿ.

ಸಸಿಗಳನ್ನ ಬೇರು ಸಮೇತ ಕೀಳಿ. ದೊಡ್ಡ ಮರ ಇದ್ರೆ ಮಾತ್ರ ತಕ್ಷಣ ಕಡಿದು ಬೊಡ್ಡೆ ಬಿಟ್ಟುಬಿಡಬೇಡಿ, ಬೇರು ಒಳಗೆ ಕೊಳೆತು ಅಷ್ಟೂ ಕಡೆ ಟೊಳ್ಳು ಕೊಳವೆ ಆಗುತ್ತೆ. ಬೇರು ತೆಗೆದು ಮಣ್ಣು ತುಂಬೋ ಪ್ಲಾನ್ ಜೊತೆಗೇ ಕಡಿಸಬೇಕು.

ತೂಬಿನ ಪೈಪಿನ ಹೊರಗಡೆಯಿಂದ ನೀರು

ಗೇಟು ಮುಚ್ಚಿ ಪೈಪಿನ ಬಾಯಿ ಎದುರು ನಿಂತು ನೋಡಿ. ಪೈಪಿನ ಒಳಗಿಂದ ತೊಟ್ಟಿಕ್ಕಿದ್ರೆ ಗೇಟಿನ ಸೀಲ್ ಹೋಗಿರಬಹುದು, ಅದು ಸಣ್ಣ ರಿಪೇರಿ. ಪೈಪಿಗೂ ಮಣ್ಣಿಗೂ ಮಧ್ಯದಿಂದ ನೀರು ಬರ್ತಿದ್ರೆ ಅದು ದೊಡ್ಡ ವಿಷಯ, ಪೈಪಿನ ಪಕ್ಕ ಮಣ್ಣನ್ನ ಸರಿಯಾಗಿ ದಮ್ಮಸ್ಸು ಮಾಡೋದು ಕಷ್ಟ, ಪೈಪಿಂಗ್ ಶುರುವಾಗೋಕೆ ಅದೇ ಸಲೀಸಾದ ಜಾಗ. ಕಬ್ಬಿಣದ ಪೈಪು ತುಕ್ಕು ಹಿಡಿದು ತೂತಾದ್ರೂ ಸುತ್ತಲಿನ ಮಣ್ಣು ಒಳಗೆ ಬೀಳುತ್ತೆ, ಆಗ ಪೈಪಿನ ಒಳಗಿಂದ ಬರೋ ನೀರೇ ಕೆಸರಾಗಿರುತ್ತೆ.

ಎಷ್ಟೇ ದೊಡ್ಡ ಪೈಪಿರಲಿ ಒಳಗೆ ತೆವಳಿ ಹೋಗ್ಬೇಡಿ, ಗಾಳಿ ಇರಲ್ಲ. ಒಳಮೈ ಕಡೆ ತೂಬಿನ ಬಾಯಿ ಹತ್ತಿರ ನೀರಿಗೆ ಇಳೀಬೇಡಿ, ಗೇಟು ತೆರೆದಿದ್ರೆ ಎಳೆತಕ್ಕೆ ಸಿಕ್ಕಿದೋರು ಬಿಡಿಸ್ಕೊಳ್ಳೋಕೆ ಆಗಲ್ಲ.

ಸೋರಿಕೆ ಎಲ್ಲೂ ಕಾಣ್ತಿಲ್ಲ, ನೀರು ಮಾತ್ರ ಇಳೀತಿದೆ

ಮೊದ್ಲು ಆವಿ ಆಗ್ತಿರೋದನ್ನ ಕಳೀರಿ. ಒಂದು ಬಕೆಟ್‌ಗೆ ಡ್ಯಾಮ್ ನೀರೇ ತುಂಬಿ ದಡದ ಹತ್ತಿರ ಕಮ್ಮಿ ಆಳದಲ್ಲಿ ಮುಕ್ಕಾಲು ಮುಳುಗೋ ಹಾಗೆ ಕಲ್ಲು ಹಾಕಿ ನಿಲ್ಲಿಸಿ, ಒಳಗೆ ಹೊರಗೆ ಎರಡೂ ಕಡೆ ಮಟ್ಟ ಗುರುತು ಮಾಡಿ. ಮಳೆ ಇಲ್ಲದ, ತೂಬು ತೆರೆಯದ ಒಂದು ವಾರ ಬಿಡಿ. ಎರಡೂ ಒಂದೇ ಸಮ ಇಳಿದ್ರೆ ಬಿಸಿಲು ಕುಡಿದ ನೀರು. ಹೊರಗೆ ಜಾಸ್ತಿ ಇಳಿದ್ರೆ ಆ ವ್ಯತ್ಯಾಸ ಸೋರಿಕೆ. ನೀರು ಹರಡಿರೋದು ಒಂದು ಎಕರೆ ಇದ್ರೆ ಒಂದು ಸೆಂಟಿಮೀಟರ್ ಅಂದ್ರೆ ಸುಮಾರು 40,000 ಲೀಟರ್, ಅಷ್ಟು ನೀರು ಎಲ್ಲೋ ಹೋಗ್ತಿದೆ, ಹುಡುಕಲೇಬೇಕು. ಒಂದು ಮಟ್ಟಕ್ಕೆ ಇಳಿದ್ಮೇಲೆ ಇಳಿಯೋದು ನಿಂತ್ರೆ ತೂತು ಆ ಎತ್ತರದಲ್ಲಿದೆ ಅಂತ ಸುಳಿವು.

ನೀರು ಇಳಿಸೋದು, ಮತ್ತೆ ತುಂಬಿಸೋದು

ಯಾವ ಅನುಮಾನ ಬಂದ್ರೂ ನೀರಿನ ಮಟ್ಟ ಇಳಿಸೋದು ಒಳ್ಳೇ ಹೆಜ್ಜೆ, ಆದ್ರೆ ಅವಸರದಲ್ಲಿ ಅಲ್ಲ. ನೆನೆದ ಒಳಮೈಗೆ ನೀರಿನ ಆಸರೆ ಇರುತ್ತೆ, ಅದು ದಿಢೀರ್ ಅಂತ ಹೋದ್ರೆ ಮಣ್ಣೊಳಗಿನ ನೀರು ಹೊರಗೆ ಬರೋಕೆ ಟೈಮ್ ಸಿಗದೇ ಒಳಮೈ ಜಾರಿ ಬೀಳುತ್ತೆ. ದಿನಕ್ಕೆ ಒಂದು ಅಡಿ ಅಂತ ಸಾಮಾನ್ಯವಾಗಿ ಇಟ್ಕೊಳ್ತಾರೆ. ಏರಿ ಒಡೆಯೋ ಹಂತದಲ್ಲಿದ್ರೆ ಈ ಲೆಕ್ಕ ಇಲ್ಲ, ತೂಬು ಪೂರ್ತಿ ತೆಗೀರಿ, ಕೆಳಗಿನವರಿಗೆ ನೀರು ಬಿಡ್ತಿದೀವಿ ಅಂತ ತಿಳಿಸಿಯೇ ತೆಗೀರಿ. ಏರಿನ ಕಡಿದು ನೀರು ಬಿಡೋಕೆ ಮಾತ್ರ ಹೋಗ್ಬೇಡಿ, ಕಡಿದ ಜಾಗ ನಿಮ್ಮ ಕೈ ಮೀರಿ ಅಗಲ ಆಗುತ್ತೆ.

ರಿಪೇರಿ ಆದ್ಮೇಲೆ ಒಂದೇ ಏಟಿಗೆ ತುಂಬಿಸಬೇಡಿ. ಮೊದಲ ಸಲ ತುಂಬುವಾಗ ಎಷ್ಟೋ ಏರಿಗಳು ಒಡೆದಿವೆ, ರಿಪೇರಿ ಆದ ಏರಿಗೂ ಅದು ಮೊದಲ ಸಲ ಇದ್ದ ಹಾಗೇ. ತೂಬು ಸ್ವಲ್ಪ ತೆರೆದಿಟ್ಟು ಅರ್ಧ ಎತ್ತರಕ್ಕೆ ನಿಲ್ಲಿಸಿ, ಕೆಲವು ದಿನ ಬಕೆಟ್, ಬಾಟಲಿ, ಗೂಟ ಎಲ್ಲಾ ನೋಡಿ, ಸರಿ ಇದ್ರೆ ಇನ್ನೊಂದು ಮೀಟರ್, ಮತ್ತೆ ನಿಲ್ಲಿಸಿ ನೋಡಿ. ಬಾಟಲಿ ತಳದಲ್ಲಿ ಮಣ್ಣು ಕಂಡ ದಿನ ಏರಿಸೋದು ಬಿಟ್ಟು ಹಿಂದಿನ ಮಟ್ಟಕ್ಕೆ ಇಳಿಸಿ, ರಿಪೇರಿ ಮಾಡಿಸಿದ ಇಂಜಿನಿಯರ್‌ನೇ ಮತ್ತೆ ಕರೆಸಿ.